ಮಯ್ಯಿತ್ ಸ್ನಾನಕ್ಕಿಂತ ಮುಂಚಿನ ಸ್ನಾನ

ಶುಚಿತ್ವಕ್ಕೆ ಇಸ್ಲಾಮ್ ನೀಡಿರುವ ಸ್ಥಾನವನ್ನು ನಾವು ಮದ್ರಸದ ಮೊದಲ ತರಗತಿಯಲ್ಲಿಯೇ ಮಕ್ಕಳಿಗೆ ಕಲಿಸುತ್ತೇವೆ. ದಿನಕ್ಕೆ ಐದು ಬಾರಿ ವುಝೂ ನಿರ್ವಹಿಸುವ ಸಮುದಾಯಕ್ಕೆ, ಮೈ ತೊಳೆಯದೆ ಬರುವ ಚರ್ಮವ್ಯಾಧಿಯ ಕುರಿತು ಹೇಳುವ ಅಗತ್ಯವಿದೆಯೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಸ್ವತಃ ವುಝೂ ನಿರ್ವಹಿಸಲಾಗದವರು, ಸ್ನಾನದ ಕೋಣೆಯವರೆಗೆ ನಡೆಯಲಾಗದವರು ನಮ್ಮದೇ ಮನೆಗಳ ಒಳಕೋಣೆಗಳಲ್ಲಿದ್ದಾರೆ. ಪಾರ್ಶ್ವವಾಯುವಿಗೆ ತುತ್ತಾದ ತಂದೆ, ಮರೆವಿನ ಕಾಯಿಲೆಯ ತಾಯಿ, ಶಸ್ತ್ರಚಿಕಿತ್ಸೆಯ ಗಾಯಕ್ಕೆ ನೀರು ಸೋಕಿಸಲು ಹೆದರುವ ಅಜ್ಜ. ಅವರ ಮೈ ತೊಳೆಯುವ ಹೊಣೆ ಯಾರದು?

ಈ ಪ್ರಶ್ನೆಗೆ ಉತ್ತರವಿಲ್ಲದ ಮನೆಗಳಲ್ಲಿ ಕಾಣಿಸಿಕೊಳ್ಳುವ ಒಂದು ತೊಂದರೆಯಿದೆ. 1995ರಲ್ಲಿ ವೈದ್ಯರು ಅದನ್ನು 'ಡರ್ಮಟೋಸಿಸ್ ನೆಗ್ಲೆಕ್ಟಾ' ಎಂಬ ಹೆಸರಿನಿಂದ ವಿವರಿಸಿದರು. ಅಲಕ್ಷ್ಯದಿಂದ ಬಂದ ಚರ್ಮದ ತೊಂದರೆ ಎಂದು ಅದರ ಅರ್ಥ. ನಮ್ಮ ಚರ್ಮದ ಮೇಲ್ಪದರದ ಜೀವಕೋಶಗಳು ನಿತ್ಯವೂ ಉದುರುತ್ತವೆ. ತಿಂಗಳುಗಟ್ಟಲೆ ಒಂದು ಭಾಗವನ್ನು ಉಜ್ಜಿ ತೊಳೆಯದಿದ್ದರೆ ಅವು ಬೆವರು, ಜಿಡ್ಡು, ಧೂಳಿನೊಂದಿಗೆ ಬೆರೆತು ಅಲ್ಲಿಯೇ ಗಟ್ಟಿಯಾಗುತ್ತವೆ. ಕಂದು ಅಥವಾ ಕಪ್ಪು ಬಣ್ಣದ, ಹೊಟ್ಟಿನಂತೆ ಅಂಟಿಕೊಂಡ ಪದರವು ಮೂಡುತ್ತದೆ. ಶಸ್ತ್ರಚಿಕಿತ್ಸೆಯ ಗುರುತಿನ ಸುತ್ತ, ಪೇಸ್‌ಮೇಕರ್ ಅಳವಡಿಸಿದ ಎದೆಯ ಭಾಗದಲ್ಲಿ, ಸ್ವಾಧೀನ ತಪ್ಪಿದ ಕೈಕಾಲುಗಳಲ್ಲಿ ಇದು ಕಾಣಿಸಬಹುದು. ನೋವಿನ ಭಯದಿಂದ ಯಾರೂ ಮುಟ್ಟದ ಜಾಗವೇ ಇದರ ನೆಲೆ.

ಇದನ್ನು ಫಂಗಸ್ ಎಂದು ಭಾವಿಸಿ ಔಷಧದಂಗಡಿಯಿಂದ ಸಿಕ್ಕ ಮುಲಾಮು ತಂದು ಹಚ್ಚುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ. ಸ್ಟಿರಾಯ್ಡ್ ಬೆರೆತ ಮುಲಾಮುಗಳಂತೂ ನಿಜವಾದ ಹುಳುಕಡ್ಡಿಯಿದ್ದರೆ ಅದನ್ನು ಇನ್ನಷ್ಟು ಹರಡಿಸುತ್ತವೆ. ಇದರ ಪರೀಕ್ಷೆಯೂ ಚಿಕಿತ್ಸೆಯೂ ಒಂದೇ: ತೊಳೆಯುವುದು. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೃದುವಾದ ಬಟ್ಟೆ ಸಾಕು. ಪದರವು ಗಟ್ಟಿಯಾಗಿದ್ದರೆ ಮೊದಲು ಎಣ್ಣೆ ಸವರಿ ನೆನೆಯಲು ಬಿಡಬೇಕು. ಒಂದೇ ದಿನದಲ್ಲಿ ಕಿತ್ತುಹಾಕಲು ಹೋಗದೆ ಹಲವು ದಿನಗಳಲ್ಲಿ ನಿಧಾನವಾಗಿ ಬಿಡಿಸಬೇಕು. ಕಲ್ಲು, ನಾರುಗಳಿಂದ ತಿಕ್ಕಬಾರದು. ಆಗಲೂ ಹೋಗದಿದ್ದರೆ ಪದರವನ್ನು ಮೆದುಗೊಳಿಸುವ ಲೇಪವನ್ನು ವೈದ್ಯರು ಸೂಚಿಸುತ್ತಾರೆ. ತೊಳೆದ ಬಳಿಕ ಕಂಕುಳು, ತೊಡೆಸಂದು, ಕಾಲ್ಬೆರಳುಗಳ ನಡುವೆ ತೇವ ಉಳಿಯದಂತೆ ಒರೆಸುವುದೂ ಅಷ್ಟೇ ಮುಖ್ಯ. ತೇವ ಉಳಿದಲ್ಲಿಯೇ ಫಂಗಸ್ ಬೆಳೆಯುತ್ತದೆ.

ಎಲ್ಲ ಕಪ್ಪು ಕಲೆಯೂ ಕೊಳೆಯಲ್ಲ ಎಂಬ ಎಚ್ಚರವೂ ಇರಲಿ. ಕುತ್ತಿಗೆಯ ಹಿಂಭಾಗದಲ್ಲಿ ಮಖಮಲ್ಲಿನಂತೆ ದಪ್ಪವಾಗಿ ಮೂಡುವ ಕಪ್ಪು ಬಣ್ಣವನ್ನು ಎಷ್ಟು ತಿಕ್ಕಿದರೂ ಹೋಗದು. ಅದು ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಮುನ್ಸೂಚನೆಯಾಗಿರಬಹುದು. ಅಂತಹ ಮಕ್ಕಳನ್ನು 'ಸ್ನಾನ ಮಾಡದವನು' ಎಂದು ಹೀಯಾಳಿಸುವುದು ಅನ್ಯಾಯ. ಚರ್ಮ ಕೆಂಪಾಗಿದ್ದರೆ, ಕೀವು, ದುರ್ವಾಸನೆ ಅಥವಾ ಹುಣ್ಣು ಇದ್ದರೆ ಮನೆಮದ್ದಿಗೆ ಕೈಹಾಕದೆ ವೈದ್ಯರನ್ನು ಕಾಣಬೇಕು.

ರೋಗಿಗೆ ತಯಮ್ಮುಮ್‌ನ ರಿಯಾಯಿತಿ ಇದೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಇದೆ. ಆದರೆ ಆ ರಿಯಾಯಿತಿಯು ನೀರಿನಿಂದ ಹಾನಿಯಾಗುವ ರೋಗಿಯ ನಮಾಝ್ ತಪ್ಪದಿರಲೆಂದು ಅಲ್ಲಾಹನು ತೋರಿದ ಕರುಣೆ. ಆರೈಕೆ ಮಾಡಬೇಕಾದ ಮಕ್ಕಳಿಗೆ ಕೊಟ್ಟ ರಜೆಯಲ್ಲ. ಗಾಯಕ್ಕೆ ನೀರು ತಾಗಬಾರದು ಎಂದು ವೈದ್ಯರು ಹೇಳಿದ್ದು ಎಷ್ಟು ದಿನದ ಮಟ್ಟಿಗೆ ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಕರ್ತವ್ಯ. ಗಾಯ ಮಾಗಿ ವರ್ಷವಾದರೂ ಆ ಭಯವನ್ನೇ ಉಳಿಸಿಕೊಂಡರೆ ಅದು ಎಚ್ಚರಿಕೆಯಲ್ಲ, ಉದಾಸೀನತೆ.

ಪ್ರವಾದಿ(ಸ)ರ ಮನೆಯ ಮಾದರಿಯನ್ನು ನೋಡಿರಿ. ಅವರು ಮಸೀದಿಯಲ್ಲಿ ಇಅ್‌ತಿಕಾಫ್‌ನಲ್ಲಿದ್ದಾಗ ತಲೆಯನ್ನು ಕೋಣೆಯತ್ತ ಬಾಗಿಸುತ್ತಿದ್ದರು, ಹ. ಆಯಿಷಾ(ರ) ಅದನ್ನು ತೊಳೆದು ಬಾಚುತ್ತಿದ್ದರು. ಉಹುದ್‌ನಲ್ಲಿ ಗಾಯಗೊಂಡಾಗ ಹ. ಅಲಿ(ರ) ನೀರು ಸುರಿದರು, ಮಗಳು ಹ. ಫಾತಿಮಾ(ರ) ರಕ್ತ ತೊಳೆದರು. ಕೊನೆಯ ಕಾಯಿಲೆಯಲ್ಲಿ ಜ್ವರ ತೀವ್ರವಾದಾಗ ಏಳು ಚರ್ಮದ ಚೀಲಗಳ ನೀರನ್ನು ತಮ್ಮ ಮೇಲೆ ಸುರಿಯುವಂತೆ ಅವರು ಹೇಳಿದರು. ಮನೆಯವರು ಅವರನ್ನು ತೊಟ್ಟಿಯಲ್ಲಿ ಕುಳ್ಳಿರಿಸಿ ಹಾಗೆಯೇ ಮಾಡಿದರು. ಇನ್ನೊಬ್ಬರ ಕೈಯಿಂದ ತೊಳೆಸಿಕೊಳ್ಳುವುದು ಅವಮಾನವೆಂದು ಆ ಮನೆಯಲ್ಲಿ ಯಾರೂ ಎಣಿಸಲಿಲ್ಲ.

ನಮ್ಮಲ್ಲಿ ಅಡ್ಡಿಯಾಗುವುದು ಹೆಚ್ಚಾಗಿ ನಾಚಿಕೆ. ಅದನ್ನು ಗೌರವಿಸಿಯೇ ಕೆಲಸ ಮಾಡಬಹುದು. ತಂದೆಗೆ ಮಗ, ತಾಯಿಗೆ ಮಗಳು ನೆರವಾಗಲಿ. ದಂಪತಿಗಳ ನಡುವೆ ಯಾವ ನಿರ್ಬಂಧವೂ ಇಲ್ಲ. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಟ್ಟೆ ಹೊದಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಒಳಗಿನಿಂದಲೇ ತೊಳೆಯಬಹುದು. ಈ ಎಲ್ಲ ಹೊಣೆಯನ್ನು ಸೊಸೆಯೊಬ್ಬಳ ಹೆಗಲಿಗೆ ಹೊರಿಸಿ ಗಂಡುಮಕ್ಕಳು ಪಾರಾಗುವುದು ಸಲ್ಲದು. ವೃದ್ಧ ಹೆತ್ತವರ ಮುಂದೆ ಬೇಸರದ ಒಂದು ಸದ್ದನ್ನೂ ಹೊರಡಿಸಬಾರದೆಂಬ ಕುರ್‌ಆನಿನ ಆದೇಶ (17:23) ಅವರಿಗೂ ಅನ್ವಯಿಸುತ್ತದೆ.

ಮರಣಾನಂತರ ನಾವೇನು ಮಾಡುತ್ತೇವೆ ಎಂಬುದನ್ನು ನೆನೆಯೋಣ. ಮಯ್ಯಿತ್‌ನ್ನು ಬಲಭಾಗದಿಂದ ಆರಂಭಿಸಿ, ಬೆಸ ಸಂಖ್ಯೆಯಲ್ಲಿ, ನೋವಾಗುವುದೇನೋ ಎಂಬಷ್ಟು ಮೃದುವಾಗಿ ತೊಳೆಯುತ್ತೇವೆ. ಕೊನೆಯ ನೀರಿಗೆ ಕರ್ಪೂರ ಬೆರೆಸುತ್ತೇವೆ. ಕಿವಿಯ ಹಿಂದೆ, ಬೆರಳುಗಳ ನಡುವೆ ತಿಂಗಳುಗಳಿಂದ ಕಟ್ಟಿದ ಪದರವು ಅಂದು ಮೊದಲ ಬಾರಿಗೆ ಮಕ್ಕಳ ಕಣ್ಣಿಗೆ ಬೀಳುವಂತಾಗಬಾರದು. ಆ ಮೃದುವಾದ ಕೈ ಅವರಿಗೆ ಬೇಕಾಗಿದ್ದುದು ಬದುಕಿರುವಾಗ. ಈ ಶುಕ್ರವಾರ ಜುಮಾ ಸ್ನಾನಕ್ಕೆ ಬಿಸಿನೀರು ಕಾಯಿಸುವಾಗ ಒಳಕೋಣೆಯಲ್ಲಿರುವವರಿಗಾಗಿಯೂ ಒಂದು ಬಕೆಟ್ ನೀರು ಕಾಯಲಿ. ಅಲ್ಲಾಹನು ನಮಗೆ ಆ ಸೇವೆಯ ಭಾಗ್ಯವನ್ನು ಕರುಣಿಸಲಿ, ಆಮೀನ್.