ಕಂಪನಿ ಲೀಗಲ್ ಕೆಲಸ: ಸಂಬಳ ಶುರುವಾದರೆ ವಕೀಲಿಕೆ ನಿಲ್ಲುತ್ತೆ, ಎಲ್‌ಎಲ್‌ಬಿ ಮುಗಿಸಿದವರು ಲೆಕ್ಕ ಹಾಕಿ ಹೆಜ್ಜೆ ಇಡಲಿ

ಕೂಡ್ಲಿಗಿ: ಎಲ್‌ಎಲ್‌ಬಿ ಮುಗೀತು ಅಂದ್ರೆ ಕರಿ ಕೋಟು, ಸೀನಿಯರ್ ಆಫೀಸು, ತಾಲ್ಲೂಕು ಕೋರ್ಟು ಅನ್ನೋದು ಹಳೇ ಲೆಕ್ಕ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯಿಂದ ಬಳ್ಳಾರಿಗೋ ದಾವಣಗೆರೆಗೋ ಹೋಗಿ ಕಾನೂನು ಓದಿದವರಿಗೆ ಈಗ ಇನ್ನೊಂದು ದಾರಿಯೂ ಇದೆ. ಬ್ಯಾಂಕು, ಫೈನಾನ್ಸ್, ಉಕ್ಕಿನ ಕಾರ್ಖಾನೆ, ಗಾಳಿ ಮತ್ತು ಸೋಲಾರ್ ವಿದ್ಯುತ್ ಕಂಪನಿಗಳಲ್ಲಿ ತಿಂಗಳ ಸಂಬಳದ ಲೀಗಲ್ ಆಫೀಸರ್ ಕೆಲಸ ಅದು.

ಮನೆಯವರಿಗೂ ಇದೇ ಇಷ್ಟ. ಸಂಬಳ ಖಾತೆಗೆ ಬರುತ್ತೆ, ಪಿಎಫ್ ಇರುತ್ತೆ. ಕೋರ್ಟಿನಲ್ಲಿ ಜೂನಿಯರ್ ಆಗಿ ಸೇರಿದರೆ ಮೊದಲ ವರ್ಷಗಳಲ್ಲಿ ಬಸ್ ಚಾರ್ಜ್ ಹುಟ್ಟೋದೂ ಕಷ್ಟ. ಜೂನಿಯರ್‌ಗಳಿಗೆ ಪಟ್ಟಣಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ರೂಪಾಯಿ ಸ್ಟೈಪೆಂಡ್ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಆದರೆ ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ.

ಹಾಗಾದ್ರೆ ಕಂಪನಿ ಕೆಲಸಕ್ಕೆ ಕಣ್ಣುಮುಚ್ಚಿ ಸೇರಬಹುದಾ? ಸೇರಬಹುದು, ಆದರೆ ಅದಕ್ಕೆ ಏನು ಬಿಟ್ಟುಕೊಡಬೇಕು ಅನ್ನೋದು ಮೊದಲೇ ಗೊತ್ತಿರಬೇಕು.

ಸನ್ನದು ಒಂದು ಕಡೆ, ಸಂಬಳ ಒಂದು ಕಡೆ

ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ, ವಕೀಲಿಕೆ ಮಾಡುವವರು ಯಾವುದೇ ವ್ಯಕ್ತಿ, ಸಂಸ್ಥೆ ಅಥವಾ ಕಂಪನಿಯಲ್ಲಿ ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ಕೆಲಸಕ್ಕೆ ಸೇರಿದರೆ ತಮ್ಮ ಹೆಸರು ನೋಂದಣಿಯಾಗಿರುವ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಬೇಕು. ಆ ಕೆಲಸದಲ್ಲಿ ಇರುವವರೆಗೆ ವಕೀಲಿಕೆ ನಿಲ್ಲುತ್ತೆ. ಕೆಲಸ ಬಿಟ್ಟ ಮೇಲೆ ಮತ್ತೆ ಶುರು ಮಾಡಬಹುದು.

‘ಸನ್ನದು ಇರಲಿ ಬಿಡು, ಯಾರು ಕೇಳ್ತಾರೆ’ ಅಂತ ಒಂದು ಕಡೆ ಸಂಬಳ ತಗೊಂಡು ಇನ್ನೊಂದು ಕಡೆ ವಕಾಲತ್ತು ಹಾಕಿದರೆ ಅದು ಶಿಸ್ತುಕ್ರಮಕ್ಕೆ ದಾರಿ. ಸೇರಿದ ತಕ್ಷಣ ಪರಿಷತ್ತಿಗೆ ಪತ್ರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದೇ ಜಾಣತನ.

ಜಡ್ಜ್ ಆಗೋ ಆಸೆ ಇದ್ದರೆ

ಇಲ್ಲೇ ದೊಡ್ಡ ಪೆಟ್ಟು ಬೀಳೋದು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ಜಾರಿಗೆ ತಂದಿತು. ಈ ಅವಧಿಯನ್ನು ತಾತ್ಕಾಲಿಕ ನೋಂದಣಿ ದಿನದಿಂದ ಲೆಕ್ಕ ಹಾಕಬಹುದು ಎಂದೂ ಹೇಳಿತು. ಕಂಪನಿಯಲ್ಲಿದ್ದಾಗ ವಕೀಲಿಕೆಯೇ ನಿಂತಿರುತ್ತೆ, ಹಾಗಾಗಿ ಅಲ್ಲಿನ ವರ್ಷಗಳು ಈ ಲೆಕ್ಕಕ್ಕೆ ಬರಲ್ಲ.

22ನೇ ವಯಸ್ಸಿಗೆ ಕಂಪನಿ ಸೇರಿ 27ಕ್ಕೆ ‘ಈಗ ಜಡ್ಜ್ ಪರೀಕ್ಷೆ ಬರೀತೀನಿ’ ಅಂದರೆ ಮತ್ತೆ ಮೊದಲಿನಿಂದ ಶುರು. ಆ ಆಸೆ ಇದ್ದವರು ಮೊದಲ 3 ವರ್ಷ ಕೋರ್ಟಿನಲ್ಲೇ ಕಳೆಯೋದು ಒಳ್ಳೇದು. ಆಸೆ ಇಲ್ಲದವರಿಗೆ ಈ ಚಿಂತೆ ಬೇಡ.

ಬ್ಯಾಂಕ್ ಕೆಲಸಕ್ಕೂ ನೋಂದಣಿ ಬೇಕು

ರಾಷ್ಟ್ರೀಕೃತ ಬ್ಯಾಂಕುಗಳ ಲಾ ಆಫೀಸರ್ ಹುದ್ದೆಗೆ ಐಬಿಪಿಎಸ್ ಪರೀಕ್ಷೆ ಇದೆ. ಎಲ್‌ಎಲ್‌ಬಿ ಜತೆಗೆ ವಕೀಲರಾಗಿ ನೋಂದಣಿ ಆಗಿರಬೇಕು, ವಯಸ್ಸು 20ರಿಂದ 30. ಗ್ರಾಮೀಣ ಬ್ಯಾಂಕಿನ ಸ್ಕೇಲ್ 2 ಲಾ ಆಫೀಸರ್ ಹುದ್ದೆಗೆ ಇನ್ನೂ ಒಂದು ಮೆಟ್ಟಿಲು ಜಾಸ್ತಿ: 2 ವರ್ಷ ವಕೀಲಿಕೆ, ಇಲ್ಲವೇ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯಲ್ಲಿ 2 ವರ್ಷ ಲಾ ಆಫೀಸರ್ ಆಗಿ ದುಡಿದ ಅನುಭವ. ಎರಡೂ ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾದ ಮೇಲೆ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿ ಇರೋದು ಪಕ್ಕದ ಬಳ್ಳಾರಿಯಲ್ಲೇ.

ನೋಂದಣಿಗೆ ಹಣ ಇಲ್ಲ ಅಂತ ಹಿಂದೆ ಬಿದ್ದವರು ಒಂದು ವಿಷಯ ತಿಳಿದಿರಲಿ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ, ಪಂಗಡಕ್ಕೆ 125 ರೂಪಾಯಿ ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. 371(ಜೆ) ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆಗಳಿಗೆ ಅನ್ವಯ. ಹರಪನಹಳ್ಳಿಯವರು ಹೋರಾಡಿ ಪಡೆದ ಸೌಲಭ್ಯ ಅದು. ಆದರೆ ಖಾಸಗಿ ಕಂಪನಿಗೂ ಐಬಿಪಿಎಸ್ ನೇಮಕಾತಿಗೂ ಅದು ನಡೆಯಲ್ಲ.

ಮಧ್ಯದ ದಾರಿ: ಪ್ಯಾನೆಲ್

ಸನ್ನದು ಬಿಡದೇ ಕಂಪನಿ ಕೆಲಸ ಹಿಡಿಯೋಕೆ ಪ್ಯಾನೆಲ್ ವಕೀಲಿಕೆ ಇದೆ. ಸಾಲಕ್ಕೆ ಅಡವಿಡುವ ಆಸ್ತಿಯ ಪತ್ರ ನೋಡಿ ಅಭಿಪ್ರಾಯ ಬರೆಯೋದು, ಚೆಕ್ ಬೌನ್ಸ್ ಕೇಸು ನಡೆಸೋದು, ಒಂದೊಂದು ಕೆಲಸಕ್ಕೆ ಇಷ್ಟು ಅಂತ ಫೀಸು. ಇವರು ನೌಕರರಲ್ಲ, ಹಾಗಾಗಿ ನಿಯಮ 49 ಅಡ್ಡ ಬರಲ್ಲ. ಮೊದಲು ಪ್ಯಾನೆಲ್‌ನಲ್ಲಿ ಹೆಸರು ಮಾಡಿ, ನಂತರ ಬೇಕಾದರೆ ಅದೇ ಕ್ಷೇತ್ರದಲ್ಲಿ ನೌಕರಿಗೆ ಹೋಗಬಹುದು.

ಪಹಣಿ ಓದೋಕೆ ಬರೋದೇ ಬಂಡವಾಳ

ನಮ್ಮ ಕಡೆ ಹುಡುಗರಿಗೆ ‘ಇಂಗ್ಲಿಷ್ ಬರಲ್ಲ, ಬೆಂಗಳೂರಿನವರ ಮುಂದೆ ನಡೆಯಲ್ಲ’ ಅನ್ನೋ ಅಳುಕು. ಗುತ್ತಿಗೆ ಪತ್ರ, ನೋಟಿಸು ಇಂಗ್ಲಿಷ್‌ನಲ್ಲಿ ತಪ್ಪಿಲ್ಲದೇ ಬರೆಯೋಕೆ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ವಿಂಡ್ ಮಿಲ್, ಸೋಲಾರ್ ಕಂಪನಿಗೆ ಬೇಕಾಗೋದು ಜಮೀನು. ಪಹಣಿ, ಮ್ಯುಟೇಶನ್, ಋಣಭಾರ ಪತ್ರ, ಖರಾಬು, ಅಣ್ಣತಮ್ಮಂದಿರ ಪಾಲು ಇವೆಲ್ಲ ಕನ್ನಡದಲ್ಲೇ ಇರ್ತವೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೇ ಪರಭಾರೆ ಮಾಡುವಂತಿಲ್ಲ ಅನ್ನುತ್ತೆ 1978ರ ಪಿಟಿಸಿಎಲ್ ಕಾಯ್ದೆ. 2023ರ ತಿದ್ದುಪಡಿ ಬಂದ ಮೇಲೆ ಅಂಥ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಇದನ್ನು ಮೊದಲೇ ಪತ್ತೆ ಹಚ್ಚುವ ಲೀಗಲ್ ಆಫೀಸರ್ ಕಂಪನಿಯ ಕೋಟಿಗಟ್ಟಲೆ ಹಣ ಉಳಿಸ್ತಾನೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳೂ ಜಾರಿಗೆ ಬಂದಿವೆ. ತೋರಣಗಲ್ಲು ಕಡೆಯಂಥ ಕೈಗಾರಿಕಾ ಪ್ರದೇಶದಲ್ಲಿ ಇವನ್ನು ಓದಿಕೊಂಡವರಿಗೆ ಕೆಲಸ ಸಿಗುವ ದಾರಿ ಹೆಚ್ಚು. ಸಂದರ್ಶನಕ್ಕೆ ಹೋಗುವಾಗ ಪದವಿ ಪತ್ರದ ಜತೆಗೆ, ತಾವೇ ಬರೆದ ಒಂದು ಗುತ್ತಿಗೆ ಕರಡು ಮತ್ತು ಒಂದು ಆಸ್ತಿ ಪತ್ರ ಪರಿಶೀಲನೆ ವರದಿಯನ್ನು, ಕಕ್ಷಿದಾರರ ಹೆಸರು ತೆಗೆದು, ಒಯ್ದರೆ ಮಾತಿಗಿಂತ ಅದೇ ಹೆಚ್ಚು ಹೇಳುತ್ತೆ.

ರೈತರು, ಅಂಗಡಿಯವರು ಗಮನಿಸಿ

ಕಂಪನಿಯ ಒಳಗಿನ ಕಾನೂನು ಸಲಹೆಗಾರರು ಕೋರ್ಟಿನಲ್ಲಿ ವಕೀಲಿಕೆ ಮಾಡುವವರಲ್ಲ, ಆದ್ದರಿಂದ ವಕೀಲ-ಕಕ್ಷಿದಾರರ ಗುಟ್ಟಿಗೆ ಇರುವ ಪೂರ್ಣ ರಕ್ಷಣೆ ಅವರಿಗೆ ಸಿಗಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ. ಅವರಿಗೆ ಇರೋದು ಸೀಮಿತ ರಕ್ಷಣೆ ಮಾತ್ರ. ಕೆಲಸಕ್ಕೆ ಸೇರುವವರು ಮೇಲಿನವರ ಮಾತು, ಇಮೇಲ್ ವಿಷಯದಲ್ಲಿ ಹುಷಾರಾಗಿರಬೇಕು ಅಂತ ಇದರ ಅರ್ಥ.

ಊರಿನವರಿಗೂ ಇದರಲ್ಲಿ ಪಾಠ ಇದೆ. ಜಮೀನು ಲೀಸಿಗೆ ಕೇಳ್ಕೊಂಡು ಬರುವ ಲೀಗಲ್ ಆಫೀಸರ್ ನಮ್ಮೂರ ಹುಡುಗನೇ ಇರಬಹುದು, ‘ಏನೂ ತೊಂದ್ರೆ ಇಲ್ಲ ಕಾಕಾ, ಸಹಿ ಹಾಕು’ ಅನ್ನಬಹುದು. ಆದರೆ ಅವನ ಸಂಬಳ ಕಂಪನಿಯದ್ದು, ಅವನ ಹೊಣೆಯೂ ಕಂಪನಿಗೆ. ಸಹಿ ಮುಂಚೆ ಕರಾರನ್ನು ಬೇರೆ ವಕೀಲರಿಗೆ ತೋರಿಸಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಇದೆ.