ಫುಗಡಿಗೆ ಜೊತೆ ಬೇಕು

ಶ್ರಾವಣದ ಮಂಗಳವಾರ ಎಂದರೆ ನಮ್ಮ ಕಡೆ ಮಂಗಳಗೌರಿ ವ್ರತ: ತಂಬಿಟ್ಟಿನ ದೀಪ, ಕಾಡಿಗೆ, ಬಾಗಿನ, ಊಟ. ನಾಸಿಕದಲ್ಲಿ ಪೂಜೆ ಮುಗಿದ ಮೇಲೇ ಅಸಲಿ ಹಬ್ಬ ಶುರು. ಕಚ್ಚೆ ಹಾಕಿ ನೌವಾರಿ ಸೀರೆ ಉಟ್ಟ ಹೆಂಗಸರು ಜಾಗರಣೆ ಮಾಡಿ ಝಿಮ್ಮಾ, ಫುಗಡಿ ಆಡುತ್ತಾರೆ. ಅಲ್ಲೂ ಇಲ್ಲೂ ವ್ರತ ಮದುವೆಯಾದ ಮೊದಲ 5 ವರ್ಷ. "ಏನಮ್ಮಾ, ವಿಶೇಷ ಇದೆಯಾ?" ಎಂದು ಊರೆಲ್ಲ ಕೇಳುವುದೂ ಅದೇ 5 ವರ್ಷ, ನೋಡಿ.

ನನಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಎರಡನೆಯದು ಹೋದ ವಾರವೇ ರಿಲೀಸ್ ಇತ್ತು. ನಾಲ್ಕನೇ ದಿನ ಕಾಲ್‌ನಲ್ಲಿದ್ದೆ. ಗರ್ಭಪಾತವಾದರೆ 6 ವಾರ ಸಂಬಳಸಹಿತ ರಜೆ ಎಂದು ಕಾನೂನಿನಲ್ಲೇ ಬರೆದಿದೆ. ಆಫೀಸಿನಲ್ಲಿ ಒಬ್ಬರೂ ಹೇಳಲಿಲ್ಲ. ನಿಮಗೋ ನಿಮ್ಮವರಿಗೋ ಬೇಕಾದೀತು ಎಂದು ಇಲ್ಲಿ ಹೇಳುತ್ತಿದ್ದೇನೆ. ಊರಿಂದ ಬಂದ ಫೋನುಗಳಲ್ಲಿ ಪರಂಗಿ ಹಣ್ಣು, ಸ್ಕೂಟರ್, ಮೆಟ್ಟಿಲು ಎಲ್ಲದರ ವಿಚಾರಣೆ ನಡೆಯಿತು. ಮೊದಲ 3 ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮುಗಳ ಏರುಪೇರೇ ಕಾರಣ, ತಾಯಿ ಮಾಡಿದ್ದೇನೂ ಅಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನೇ ಅವರಿಗೆಲ್ಲ ಬಿಡಿಸಿ ಹೇಳಬೇಕಾಯಿತು.

ಕೆಳಗಿನ ಮನೆಯ ಕಾಕು ಮಾತ್ರ ಏನೂ ಕೇಳಲಿಲ್ಲ. ಎರಡು ತಿಂಗಳು ಕಳೆದ ಮೇಲೆ, "ಡಾಕ್ಟರು ಕುಣಿಯಬಹುದು ಅಂದ್ರಾ? ಹಾಗಾದ್ರೆ ಸಂಜೆ ಬಾ, ಫುಗಡಿಗೆ ಒಂದು ಜನ ಕಡಿಮೆ ಇದೆ" ಎಂದರು. ಫುಗಡಿಯಲ್ಲಿ ಇಬ್ಬರು ಕತ್ತರಿಯಂತೆ ಕೈ ಹಿಡಿದು, ಪಾದಕ್ಕೆ ಪಾದ ತಾಗಿಸಿ, ಹಿಂದಕ್ಕೆ ವಾಲಿ ಗಿರಗಿರ ತಿರುಗಬೇಕು. ಎದುರಿನವಳು ನಿಮ್ಮ ಭಾರ ಹಿಡಿದಿರುತ್ತಾಳೆ, ನೀವು ಅವಳದ್ದು. ನನಗೆ ಸಿಕ್ಕ ಜೊತೆ ಛತ್ರಪತಿ ಸಂಭಾಜಿನಗರದವಳು. ಮೂರು ಸಲ ಐವಿಎಫ್ ಮಾಡಿಸಿದವಳು ಎಂದು ಗೊತ್ತಾದದ್ದು ಮೂರನೇ ವಾರ, ಏದುಸಿರು ಬಿಡುತ್ತ ನೆಲದ ಮೇಲೆ ಕೂತಾಗ. ಆಮೇಲೆ ಇನ್ನೊಬ್ಬರು ಬಾಯಿ ಬಿಟ್ಟರು, ಮತ್ತೊಬ್ಬರು. ಕೊನೆಗೆ ಕಾಕು ಕೂಡ. ಅವರದು ನಲವತ್ತು ವರ್ಷ ಹಿಂದಿನದು. ಮಕ್ಕಳಾಗದ ತೊಂದರೆ ಜೀವಮಾನದಲ್ಲಿ ಸುಮಾರು ಆರರಲ್ಲಿ ಒಬ್ಬರನ್ನು ಕಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತ್ತು. ಕಾಕು ಮನೆಯ ಹಾಲ್‌ನಲ್ಲಿ ಲೆಕ್ಕ ಅದಕ್ಕಿಂತ ಜಾಸ್ತಿಯೇ ಇತ್ತು.

ಕುಣಿದರೆ ಗರ್ಭ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗಂತೂ ನಿದ್ದೆ ಬರತೊಡಗಿತು. ನನ್ನದೇ ಮೈ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು.

ಹೋದ ಚಳಿಗಾಲ ಅವಳ ಊರಿಗೆ ಹೋದಾಗ ಇಬ್ಬರೂ ಔರಂಗಾಬಾದ್ ಗುಹೆಗಳಿಗೆ ಹತ್ತಿದೆವು. ರಾಷ್ಟ್ರಕೂಟರ ಅಭಿಮಾನದಿಂದ ಎಲ್ಲೋರಕ್ಕೆ ಓಡುವ ನಾವು ಕನ್ನಡಿಗರು ಇವನ್ನು ಸಾಮಾನ್ಯವಾಗಿ ಬಿಟ್ಟೇ ಬರುತ್ತೇವೆ. 7ನೇ ಗುಹೆಯಲ್ಲಿ ಬುದ್ಧನ ಪಕ್ಕದ ಗೋಡೆ ಮೇಲೆ ಒಬ್ಬ ನರ್ತಕಿ. ಸುತ್ತ ವಾದ್ಯ ನುಡಿಸುವವರು ಆರು ಜನ, ಎಲ್ಲರೂ ಹೆಂಗಸರೇ. "ನಮ್ಮ ಮಂಡಳಿನೇ ಇದು" ಎಂದು ಇವಳು ನಕ್ಕಳು.

ಈ ವರ್ಷದ ಅಭ್ಯಾಸ ಶುರುವಾಗಿದೆ. ಒಂದು ಕನ್ನಡದ ಹಾಡೂ ಸೇರಿಸೋಣ ಎಂದಿದ್ದಾರೆ ಕಾಕು. ಅಮ್ಮನಿಗೆ ಫೋನ್ ಮಾಡಿ ಕೇಳಬೇಕು.