ಹೆಬ್ಬೆರಳಿನಷ್ಟು ಮುಖಪುಟ

ಅಮೆರಿಕದ ಎರಿಕ್ ಬರೋನ್ ಎಂಬ ತರುಣ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ವಿಡಿಯೋ ಗೇಮ್ ಸಿದ್ಧಪಡಿಸಲು ನಾಲ್ಕು ವರ್ಷಕ್ಕೂ ಮೀರಿ ದುಡಿದ. ಪ್ರೋಗ್ರಾಂ ಬರೆದವನು, ಚಿತ್ರ ಬಿಡಿಸಿದವನು, ಸಂಗೀತ ಹೊಂದಿಸಿದವನು, ಎಲ್ಲ ಆತನೊಬ್ಬನೇ. ತಾತ ಬಿಟ್ಟುಹೋದ ಪಾಳು ಜಮೀನಿಗೆ ಹೋಗಿ ಬೇಸಾಯ ಮಾಡುವುದು ಆ ಆಟದ ಕಥೆ. 2016ರ ಫೆಬ್ರುವರಿಯಲ್ಲಿ ಅದು ಮಾರಾಟಕ್ಕೆ ಬಂದಾಗ, ಕೊಳ್ಳಲು ಬಂದವರ ಕಣ್ಣಿಗೆ ಈ ವರ್ಷಗಟ್ಟಲೆ ದುಡಿಮೆ ಬೀಳಲಿಲ್ಲ. ಮೊದಲು ಬಿದ್ದದ್ದು ಒಂದು ಪುಟ್ಟ ಚಿತ್ರ ಮಾತ್ರ.

ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬಿಬ್ಬರೋ ನಾಲ್ಕಾರು ಮಂದಿಯೋ ಸೇರಿ ಮಾಡುವ ಇಂಥ ಆಟಗಳನ್ನು ‘ಇಂಡೀ’ ಆಟಗಳೆನ್ನುತ್ತಾರೆ. ಇವುಗಳ ದೊಡ್ಡ ಸಂತೆ ಎಂದರೆ ವಾಲ್ವ್ ಕಂಪನಿ 2003ರಲ್ಲಿ ತೆರೆದ ‘ಸ್ಟೀಮ್’. ಗೇಮೊಂದಕ್ಕೆ ನೂರು ಡಾಲರ್ ಕಟ್ಟಿದರೆ ಯಾರು ಬೇಕಾದರೂ ಅಲ್ಲಿ ಅಂಗಡಿ ಹೂಡಬಹುದು. 2024ರಲ್ಲಿ ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಅಲ್ಲಿಗೆ ಬಂದವು. ದಿನಕ್ಕೆ ಐವತ್ತರ ಲೆಕ್ಕ. ಜಾಹೀರಾತಿಗೆ ಕಾಸಿಲ್ಲದ ಹುಡುಗನೊಬ್ಬನ ಆಟ ಈ ಜಾತ್ರೆಯಲ್ಲಿ ಕಣ್ಣಿಗೆ ಬೀಳಬೇಕಾದರೆ ಅದರ ಮುಖಪುಟವೇ ಕೈಬೀಸಿ ಕರೆಯಬೇಕು. ಆ ಮುಖಪುಟಕ್ಕೆ ಸ್ಟೀಮ್‌ನವರು ಇಟ್ಟ ಹೆಸರು ‘ಕ್ಯಾಪ್ಸೂಲ್’. ಸರಿಯಾದ ಹೆಸರೇ. ಗುಳಿಗೆಯಷ್ಟು ಜಾಗದಲ್ಲಿ ಔಷಧವೆಲ್ಲ ತುಂಬಿರಬೇಕು!

ಮುಖಪುಟ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಆಟಗಳ ಚರಿತ್ರೆಯಲ್ಲಿ ಪ್ರಸಿದ್ಧ ಉದಾಹರಣೆಯೊಂದಿದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ‘ರಾಕ್‌ಮ್ಯಾನ್’ ಎಂಬ ಆಟ ತಂದಿತು. ನೀಲಿ ದಿರಿಸಿನ ಯಂತ್ರಬಾಲಕನೊಬ್ಬ ಅದರ ನಾಯಕ; ಅವನ ಮುಂಗೈಯೇ ತುಪಾಕಿ. ಅಮೆರಿಕದಲ್ಲಿ ಅದು ‘ಮೆಗಾ ಮ್ಯಾನ್’ ಎಂಬ ಹೆಸರಿನಿಂದ ಬಂದಾಗ ಪೆಟ್ಟಿಗೆಯ ಮೇಲೆ ಬೇರೆಯೇ ಚಿತ್ರವಿತ್ತು. ನೀಲಿ ಹಳದಿ ಉಡುಪು ತೊಟ್ಟ ನಡುವಯಸ್ಸಿನ ಗಂಡಸು, ಸೊಟ್ಟಗೆ ನಿಂತ ಕಾಲು, ಕೈಯಲ್ಲೊಂದು ಪಿಸ್ತೂಲು. ಆಟದೊಳಗೆ ಆ ಗಂಡಸೂ ಇರಲಿಲ್ಲ, ಆ ಪಿಸ್ತೂಲೂ ಇರಲಿಲ್ಲ. ಆ ಚಿತ್ರ ಎಷ್ಟು ನಗೆಪಾಟಲಾಯಿತೆಂದರೆ, 2012ರಲ್ಲಿ ಕ್ಯಾಪ್‌ಕಾಮ್ ಕಂಪನಿಯೇ ತನ್ನ ಇನ್ನೊಂದು ಆಟದಲ್ಲಿ ಈ ಡೊಳ್ಳುಹೊಟ್ಟೆಯ ಮೆಗಾ ಮ್ಯಾನ್‌ನನ್ನು ಪಾತ್ರವಾಗಿಸಿ ತನ್ನನ್ನು ತಾನೇ ಲೇವಡಿ ಮಾಡಿಕೊಂಡಿತು. ಕಂಪನಿ ದೊಡ್ಡದು, ಮುಂದಿನ ಭಾಗಗಳು ಒಂದರ ಹಿಂದೊಂದು ಬಂದು ಹೆಸರು ಉಳಿಯಿತು. ಒಂದೇ ಆಟಕ್ಕೆ ಉಳಿತಾಯವನ್ನೆಲ್ಲ ಸುರಿದವನಿಗೆ ಹೀಗೆ ನಕ್ಕು ಸುಮ್ಮನಾಗುವ ಅನುಕೂಲ ಇರುವುದಿಲ್ಲ.

ಹಾಗಾದರೆ ಚಿತ್ರ ಸುಂದರವಾಗಿದ್ದರೆ ಸಾಕೆ? ಸಾಲದು. 2001ರಲ್ಲಿ ಬಂದ ‘ಇಕೋ’ ಎಂಬ ಆಟದ ಜಪಾನಿ ಮುಖಪುಟವನ್ನು ಅದರ ನಿರ್ದೇಶಕ ಫುಮಿಟೊ ಉಯೆಡ ಸ್ವತಃ ರಚಿಸಿದ. ಇಟಲಿಯ ಕಲಾವಿದ ಜಾರ್ಜೊ ಡಿ ಕಿರಿಕೊನ ಚಿತ್ರಗಳಿಂದ ಸ್ಫೂರ್ತಿ ಪಡೆದ ಕೃತಿ ಅದು. ಬಿಸಿಲಿನಲ್ಲಿ ಮಲಗಿದ ಬಯಲು, ಮೌನವಾಗಿ ನಿಂತ ಕಟ್ಟಡ, ಉದ್ದುದ್ದ ನೆರಳು, ಅವುಗಳ ನಡುವೆ ಕೈ ಹಿಡಿದು ಓಡುತ್ತಿರುವ ಹುಡುಗ ಹುಡುಗಿಯ ಎರಡು ಪುಟ್ಟ ಆಕೃತಿಗಳು. ಅಮೆರಿಕದ ಪೆಟ್ಟಿಗೆಗೆ ಮಾತ್ರ ಹುಡುಗನ ಮುಖವನ್ನು ದೊಡ್ಡದಾಗಿ ತೋರಿಸುವ ಬೇರೆ ಚಿತ್ರ ಹಾಕಿದರು. ಜಪಾನಿ ಮುಖಪುಟವೇ ಮೇಲೆಂದು ಆಟಪ್ರಿಯರು ಇಂದಿಗೂ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಅದೇ ಚಿತ್ರವನ್ನು ಇಂದಿನ ಸ್ಟೀಮ್ ಪಟ್ಟಿಯ ಅಳತೆಗೆ ಕುಗ್ಗಿಸಿದರೆ ಆ ಇಬ್ಬರು ಮಕ್ಕಳೂ ಇರುವೆಗಳಾಗಿ, ಆಮೇಲೆ ಚುಕ್ಕಿಗಳಾಗಿ, ಕೊನೆಗೆ ಇಲ್ಲವೇ ಆಗುತ್ತಾರೆ. ಕೈಯಲ್ಲಿ ಹಿಡಿಯುವ ಪೆಟ್ಟಿಗೆಗೆ ಒಪ್ಪಿದ್ದು ಹೆಬ್ಬೆರಳಗಲದ ಜಾಗಕ್ಕೆ ಒಪ್ಪುವುದಿಲ್ಲ.

ಅಳತೆಯ ಈ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು. ಸ್ಟೀಮ್‌ಗೆ ಒಂದೇ ಚಿತ್ರ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಅಂಗಡಿಪುಟದ ನೆತ್ತಿಗೆ ಒಂದು ಅಡ್ಡಚಿತ್ರ, ಕೊಂಡವರ ಸಂಗ್ರಹದಲ್ಲಿ ಕಾಣಲು 600 ಪಿಕ್ಸೆಲ್ ಅಗಲ 900 ಪಿಕ್ಸೆಲ್ ಎತ್ತರದ ಉದ್ದಚಿತ್ರ, ಹುಡುಕುವ ಪಟ್ಟಿಗೆ ತೀರ ಸಣ್ಣದೊಂದು, ಹೀಗೆ ಹಲವು ಬೇಕು. ಸಣ್ಣ ಚಿತ್ರ ಕೆಲವೆಡೆ 120 ಪಿಕ್ಸೆಲ್ ಅಗಲ 45 ಪಿಕ್ಸೆಲ್ ಎತ್ತರಕ್ಕೆ ಇಳಿಯುವುದುಂಟು. ಆದ್ದರಿಂದ ಪಳಗಿದ ಚಿತ್ರಕಾರರು ನಾಯಕನನ್ನು, ಹಿನ್ನೆಲೆಯನ್ನು, ಹೆಸರಿನ ಅಕ್ಷರಗಳನ್ನು ಬೇರೆಬೇರೆ ಪದರಗಳಲ್ಲಿ ಬಿಡಿಸಿಟ್ಟುಕೊಂಡು, ಪ್ರತಿ ಅಳತೆಗೂ ಹೊಸದಾಗಿ ಜೋಡಿಸುತ್ತಾರೆ. ತೀರ ಸಣ್ಣದರಲ್ಲಿ ಹಿನ್ನೆಲೆಯ ಮೋಹವನ್ನು ಬಿಟ್ಟು ಹೆಸರನ್ನೇ ಅಂಚಿನಿಂದ ಅಂಚಿಗೆ ತುಂಬಿಸುತ್ತಾರೆ.

ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಬೆರಳೆಣಿಕೆಯ ಮಂದಿ ಸೇರಿ ಮಾಡಿದ, 2017ರಲ್ಲಿ ಬಂದ ‘ಹಾಲೋ ನೈಟ್’ ಈ ಲೆಕ್ಕದಲ್ಲಿ ಗಟ್ಟಿ ಉದಾಹರಣೆ. ಕಪ್ಪು ನೀಲಿ ಹಿನ್ನೆಲೆಯಲ್ಲಿ ಎರಡು ಕೊಂಬಿನ ಬಿಳಿ ಮುಖವಾಡ, ಅದರಲ್ಲಿ ಕಣ್ಣಿನ ಎರಡು ಕಪ್ಪು ಗೂಡು. ಎಷ್ಟು ಕುಗ್ಗಿಸಿದರೂ ಆ ಮುಖ ಅಳಿಸಿಹೋಗುವುದಿಲ್ಲ. ಮಗುವೊಂದು ಸ್ಲೇಟಿನ ಮೇಲೆ ಬಳಪದಲ್ಲಿ ಅದನ್ನು ಗೀಚಿ ತೋರಿಸಬಲ್ಲದು. ಚಿತ್ರದ ಬಲಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗುವುದು ಕಷ್ಟ.

ಹೆಸರಿನ ಅಕ್ಷರಗಳೂ ಮಾತಾಡುತ್ತವೆ. ಕನ್ನಡ ಸಿನಿಮಾ ಪೋಸ್ಟರುಗಳ ಎದುರು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೌರಾಣಿಕ ಚಿತ್ರದ ಹೆಸರು ಬಳ್ಳಿಯಂತೆ ಬಳುಕುತ್ತದೆ, ಪತ್ತೇದಾರಿ ಚಿತ್ರದ ಹೆಸರಿನಿಂದ ರಕ್ತ ತೊಟ್ಟಿಕ್ಕುತ್ತದೆ. ಓದುವ ಮೊದಲೇ ಕಥೆಯ ಜಾತಿ ತಿಳಿದಿರುತ್ತದೆ. ‘ಸ್ಟಾರ್‌ಡ್ಯೂ ವ್ಯಾಲಿ’ಯ ಹೆಸರು ಮರದ ಹಲಗೆಯಂಥ ಅಕ್ಷರಗಳಲ್ಲಿದೆ. ಖಡ್ಗ ಝಳಪಿಸುವ ಯೋಧನೊಬ್ಬನನ್ನು ನಿಲ್ಲಿಸಿದ್ದರೆ ಹೆಚ್ಚು ಜನ ತಿರುಗಿ ನೋಡುತ್ತಿದ್ದರೇನೋ. ಆದರೆ ಯುದ್ಧ ಬಯಸಿ ಬಂದವನಿಗೆ ಕೈಯಲ್ಲಿ ಬೀಜ, ನೀರಿನ ಪಾತ್ರೆ ಸಿಕ್ಕರೆ ಅವನು ಮಾಡುವುದೇನು?

ಅವನು ದುಡ್ಡು ವಾಪಸು ಕೇಳುತ್ತಾನೆ. 2015ರಿಂದ ಸ್ಟೀಮ್‌ನಲ್ಲಿ ಆ ಸೌಲಭ್ಯವಿದೆ. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಪಡೆಯಬಹುದು. ಸುಳ್ಳು ಮುಖಪುಟ ಗಿರಾಕಿಯನ್ನು ಒಳಗೆ ಕರೆತಂದರೂ ಎರಡು ಗಂಟೆಯಲ್ಲಿ ಅವನನ್ನು ಆಚೆ ಕಳಿಸುತ್ತದೆ. ಹೋಗುವಾಗ ಆತ ಒಂದು ಕಟುವಿಮರ್ಶೆಯನ್ನೂ ಬರೆದು ಹೋಗಬಹುದು. ಬೇಸಾಯದ ಆಟ ಹುಡುಕುತ್ತಿದ್ದ ನಿಜವಾದ ಗಿರಾಕಿಯಂತೂ ಖಡ್ಗ ನೋಡಿ ಮೊದಲೇ ಮುಂದೆ ಹೋಗಿರುತ್ತಾನೆ. ನಷ್ಟ ಎರಡು ಕಡೆಯಿಂದಲೂ.

ಕೆಲವರು ಈ ಪುಟ್ಟ ಜಾಗದಲ್ಲೂ ಪ್ರಶಸ್ತಿಗಳ ಲಾಂಛನ, ವಿಮರ್ಶಕರ ಹೊಗಳಿಕೆ, ರಿಯಾಯಿತಿಯ ಕೂಗು ಎಲ್ಲವನ್ನೂ ತುರುಕುತ್ತಿದ್ದರು. 2022ರ ಸೆಪ್ಟೆಂಬರ್ 1ರಿಂದ ವಾಲ್ವ್ ಅದನ್ನು ನಿಷೇಧಿಸಿತು. ಈಗ ಮುಖಪುಟದಲ್ಲಿ ಆಟದ ಚಿತ್ರ, ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆಗಷ್ಟೇ ಜಾಗ. ಒಳ್ಳೆಯ ನಿಯಮ. ಬಡವನ ಚಿತ್ರಕ್ಕೂ ಬಲ್ಲಿದನ ಚಿತ್ರಕ್ಕೂ ಒಂದೇ ಪಂಕ್ತಿ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿದವರು ಅದನ್ನು ತಿಳಿಸಬೇಕೆಂಬ ನಿಯಮ 2024ರ ಜನವರಿಯಲ್ಲಿ ಬಂತು.

ಚಿತ್ರ ಬಿಡಿಸುವ ಮಕ್ಕಳು ಇದನ್ನೆಲ್ಲ ಮನೆಯಲ್ಲೇ ಪರೀಕ್ಷಿಸಬಹುದು; ಖರ್ಚೇನಿಲ್ಲ. ತಾವು ಕಲ್ಪಿಸಿದ ಆಟಕ್ಕೊಂದು ಮುಖಪುಟ ಬರೆದು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು. ಹೆಸರು ಓದಲಾಗದಿದ್ದರೆ ಅಕ್ಷರ ತೆಳುವಾಯಿತೆಂದು ಅರ್ಥ. ಕಪ್ಪು ಬಿಳುಪಿನ ಜೆರಾಕ್ಸ್ ತೆಗೆಸಿದಾಗ ನಾಯಕ ಹಿನ್ನೆಲೆಯಲ್ಲಿ ಕರಗಿಹೋದರೆ, ಬಣ್ಣ ಎಷ್ಟೇ ಚೆಲುವಾಗಿದ್ದರೂ ಬೆಳಕು ನೆರಳಿನ ಹಂಚಿಕೆ ಎಡವಿದೆ. ಆಮೇಲೆ ಅದನ್ನು ಅಂಚೆಚೀಟಿಯಷ್ಟು ಕುಗ್ಗಿಸಿ, ಅದೇ ಬಗೆಯ ಹತ್ತು ಆಟಗಳ ಚಿತ್ರಗಳ ನಡುವೆ ಇಟ್ಟು ಗೆಳೆಯನಿಗೆ ಎರಡೇ ಸೆಕೆಂಡು ತೋರಿಸಬೇಕು. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಗೆಳೆಯ ಹೌದೆಂದೇ ಹೇಳುತ್ತಾನೆ. ಕೇಳಬೇಕಾದದ್ದು, ‘ಈ ಆಟದಲ್ಲಿ ಏನು ಮಾಡಬೇಕು?’ ಎಂದು.

ಮಗಳು ಇಂಥ ಚಿತ್ರಗಳ ಹಿಂದೆ ಬಿದ್ದರೆ ಮುಂದೇನು ಎಂದು ಕಳವಳಪಡುವ ತಂದೆತಾಯಿಗೆ ಒಂದು ಮಾಹಿತಿ: ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ವಿನ್ಯಾಸಕ್ಕೇ ಮೀಸಲಾದ ಸ್ನಾತಕೋತ್ತರ ಶಿಕ್ಷಣವಿದೆ. ಅದಕ್ಕೆ ಯಾವುದಾದರೊಂದು ಪದವಿ ಮೊದಲು ಮುಗಿದಿರಬೇಕು, ಪ್ರವೇಶ ಪರೀಕ್ಷೆಯೂ ಇದೆ. ಗೇಮ್ ಮಾಡುವವರೆಲ್ಲ ಚಿತ್ರ ಬಲ್ಲವರಲ್ಲ. ಎಷ್ಟೋ ಜನ ಮುಖಪುಟವೊಂದನ್ನು ಮಾತ್ರ ಹೊರಗಿನ ಕಲಾವಿದರಿಂದ ಬರೆಸುತ್ತಾರೆ. ಆಟ ಬಿಡುಗಡೆಯಾದ ಮೇಲೂ ಚಿತ್ರ ಬದಲಿಸಲು ಸ್ಟೀಮ್‌ನಲ್ಲಿ ಅವಕಾಶವಿರುವುದರಿಂದ, ಮೊದಲ ಮುಖಪುಟ ಸೋತಾಗ ಎರಡನೆಯದಕ್ಕಾಗಿ ಚಿತ್ರಕಾರರನ್ನು ಹುಡುಕಿಕೊಂಡು ಬರುವವರೂ ಇದ್ದಾರೆ.